ಮಾಶಿಯ ಭಾನುವಾರ

ಅತ್ತೀ,

ದಾರ್ ಎಸ್ ಸಲಾಮ್‌ನಲ್ಲಿ ಜ್ವರ ಬಂದು ನೀನು ತೀರಿಹೋದೆ ಅಂತ ಫೋನ್ ಬಂದಾಗ ನಾನು ಕಸ್ಬಾದ ಸೈಬರ್ ಕೆಫೆಯಲ್ಲಿ ಕೆಲಸದ ಮೇಲಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ನಮ್ಮ ಜಗಳ ಇನ್ನೂ ಮುಗಿದಿರಲಿಲ್ಲವಲ್ಲ.

ನೀನು ಹೊರಟ ದಿನ ನೆನಪಿದೆ. ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು ಬ್ಯಾಗು ಹೆಗಲಿಗೇರಿಸಿ, "ನಕಾಶೆದಾಗ ಬೆರಳಿಟ್ಟು ತೋರಿಸಿದ್ದು ಸಾಕಾತು, ಇನ್ನ ಹೋಗಿ ನೋಡ್ತೀನಿ" ಅಂದೆ. "ಅರವತ್ತಕ್ಕ ಅರಳು ಮರಳು" ಅಂತ ಅಪ್ಪ ನಕ್ಕ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನನ್ನು ಮನೆಯಲ್ಲಿ ಬೈಯದೆ ಇದ್ದವಳು ನೀನೊಬ್ಬಳೇ. ನೀನೂ ಹೊರಟರೆ ನಾನು...

ಆಮೇಲೆ ಎರಡು ವರ್ಷ ನಿನ್ನ ಮೇಲ್‌ಗಳು. ಇಂಗ್ಲಿಷ್ ಅಕ್ಷರದಲ್ಲಿ ಧಾರವಾಡದ ಕನ್ನಡ. ಪ್ರಿಂಟ್ ತೆಗೆದು ಟಾಲಿಗಂಜ್‌ನ ನಮ್ಮ ಮನೆಗೆ ನಾನೇ ಒಯ್ಯುತ್ತಿದ್ದೆ. ಲಿಮಾದಲ್ಲಿ ನಿನ್ನ ಕೋಣೆ ಗುಡಿಸುವ ರೋಸಾ. ಕೀನ್ಯಾದಲ್ಲಿ ಚಹಾ ಎಲೆ ಕೀಳುವ ವಾಂಜಿರು. "ಆಕಿ ಕಿತ್ತ ಎಲಿ ಲಂಡನ್ನಿಗೆ ಹೋಗತೈತಿ, ಆಕಿಗೆ ವೀಸಾ ಸಿಗೂದಿಲ್ಲ. ಇವರ ಹೆಸರು ಯಾರೂ ಕೇಳಂಗಿಲ್ಲ, ನಾ ಕೇಳ್ತೀನಿ" ಅಂತ ನೀನು ಬರೆದಿದ್ದೆ. ಕೆಫೆಯ ಎದುರು ಐಟಿಯವರಿಗಾಗಿ ಗಾಜಿನ ಕಟ್ಟಡ ಏಳುತ್ತಿತ್ತು. ಅದನ್ನು ಕಟ್ಟುವವರು ಅದರ ಬುಡದಲ್ಲೇ ಪ್ಲಾಸ್ಟಿಕ್ ಶೀಟಿನ ಕೆಳಗೆ ಇರುತ್ತಿದ್ದರು. ನನಗೆ ರೇಗಿತು. ಇದನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತಾ?

ಅದಕ್ಕೇ ನಾನು ಬರೆದೆ: "ಹದಿನೆಂಟು ವರ್ಷದಿಂದ ನಿನ್ನ ಎಂಜಲ ತಾಟು ತೊಳ್ಯಾಕತ್ತಿರೋ ಮಾಶಿ ಹೆಸರೇನು, ಅತ್ತೀ?" ಧಾರವಾಡ ಬಿಟ್ಟು ನಾವು ನೆಲೆಸಿದ ಈ ಬಂಗಾಳಿ ಊರಲ್ಲಿ ಮನೆಕೆಲಸದವಳನ್ನು ಮಾಶಿ, ಅಂದರೆ ಅವ್ವನ ತಂಗಿ, ಅಂತ ಕರೆದರೆ ಮುಗಿಯಿತು, ಮುಂದೆ ಏನೂ ಕೇಳಬೇಕಾಗಿಲ್ಲ. ಮೂರು ದಿನ ಬಿಟ್ಟು ನಿನ್ನ ಉತ್ತರ ಬಂತು. "ಗೊತ್ತಿಲ್ಲಪಾ. ನಾಚಿಕಿ ಆತು. ನಿನಗರ ಗೊತ್ತೈತೇನು?" ನನಗೂ ಗೊತ್ತಿರಲಿಲ್ಲ. ಒಪ್ಪಿಕೊಳ್ಳದೆ, "ದೂರದ ಬಡವರಷ್ಟೇ ನಿನಗ ಚಂದ ಕಾಣ್ತಾರ" ಅಂತ ಚುಚ್ಚಿದೆ. ಅದನ್ನು ಓದಿದೆಯೋ, ಅಷ್ಟರಲ್ಲಿ ಜ್ವರ...

ನಿನ್ನ ಹದಿಮೂರನೇ ದಿನ, ಊಟವಾದ ಮೇಲೆ, ಪಾತ್ರೆಯ ರಾಶಿಯ ಮುಂದೆ ಕೂತ ಮಾಶಿಯನ್ನು ಹೆಸರೇನು ಅಂತ ಕೇಳಿಯೇ ಬಿಟ್ಟೆ. ಅವಳು ತಲೆ ಎತ್ತಲಿಲ್ಲ.

"ಯಾಕೆ ಬಾಬು, ಪೊಲೀಸರು ಬಂದಿದಾರಾ?"

"ಇಲ್ಲ. ಅತ್ತೆಗೆ ಬೇಕಿತ್ತು."

"ಬೀನಾಪಾಣಿ. ಆಯ್ತಾ? ಹೆಸರು ತಗೊಂಡು ಏನ್ ಮಾಡ್ತೀಯ? ಭಾನುವಾರ ರಜೆ ಕೊಡಿಸು."

ಅವಳು ಹೇಳಿದ್ದು ಸರಿ ಅತ್ತೀ. ನೀನೂ ನಾನೂ ಹೆಸರಿನಲ್ಲೇ ನಿಂತುಬಿಟ್ಟಿದ್ದೆವು.

ಅವ್ವನ ಹತ್ತಿರ ಜಗಳಾಡಿ ರಜೆ ಕೊಡಿಸಿದೆ. "ಹಂಗಾರ ಭಾನುವಾರ ನೀನ ತಿಕ್ಕು" ಅಂದಳು. ತಿಕ್ಕುತ್ತಿದ್ದೇನೆ. ತಳ ಹತ್ತಿದ ಹಾಲಿನ ಪಾತ್ರೆ ಎಷ್ಟು ಹೊತ್ತು ತಿಕ್ಕಬೇಕು ಅಂತ ನಿನಗೆ ಗೊತ್ತಿತ್ತಾ?

ಈಗ ಬೀನಾಪಾಣಿ ಎರಡು ದಿನ ಒಟ್ಟಿಗೆ ರಜೆ ಕೇಳಿದ್ದಾಳೆ. ಕಡಲದಂಡೆಯ ದಿಘಾಕ್ಕೆ ಹೋಗಬೇಕಂತೆ. ವಯಸ್ಸು ಐವತ್ತೈದಾಯಿತು, ಇನ್ನೂ ಸಮುದ್ರ ನೋಡಿಲ್ಲವಂತೆ. "ಈ ವಯಸ್ಸಿನ್ಯಾಗ ಆಕಿಗ್ಯಾಕ ಬೇಕು ತಿರುಗಾಟ?" ಅಂತ ಅವ್ವ ಗೊಣಗುತ್ತಿದ್ದಾಳೆ. ಕೆಫೆಯಲ್ಲೇ ಕೂತು ಟಿಕೆಟ್ ಬುಕ್ ಮಾಡಿದೆ. ಶನಿವಾರ ಬೆಳಗಿನ ಗಾಡಿ. ಕಿಟಕಿ ಪಕ್ಕದ ಸೀಟೇ ಬೇಕು ಅಂದಳು.