ಹನ್ನೊಂದು ಆಡುಗಳ ಹೆಸರು

೧೪ ಜುಲೈ ೧೯೭೪, ರವಿವಾರ

ಆ ಹುಡುಗಿಯ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

ಹಾವು ಕಚ್ಚಿದ್ದ ಹುಚ್ಚವ್ವನನ್ನು ಇಂಗಳೇಶ್ವರದಿಂದ ಆಸ್ಪತ್ರೆಯ ಗಾಡಿಯಲ್ಲಿ ಬಾಗೇವಾಡಿಗೆ ತರುತ್ತಿದ್ದೆವು; ಹಿಂದೆ ರೋಗಿಯ ಜೊತೆ ಕೂರುವುದು ನನ್ನ ಕೆಲಸ. ರೋಗಿಗೆ ನಿದ್ದೆ ಹತ್ತಬಾರದು, ಕೊನೆಯ ಮಾತನ್ನಂತೂ ಆಡಗೊಡಬಾರದು, ಆಡಿ ಮುಗಿಸಿದರೆ ಜೀವ ಬಿಟ್ಟುಬಿಡುತ್ತಾರೆ ಎಂಬುದು ಡ್ರೈವರ್ ಕಾಳಪ್ಪ ಕಲಿಸಿದ ಪಾಠ. ಅದಕ್ಕೇ ದಾರಿಯುದ್ದಕ್ಕೂ ಅವಳ ಆಡುಗಳ ಹೆಸರು ಕೇಳುತ್ತಿದ್ದೆ.

"ಮಗಳಿಗೊಂದು ಮಾತ ಹೇಳೂದೈತ್ರಿ," ಎಂದಳು ನಡುವೆ.

"ಅದನ್ನ ನೀನ ಹೇಳೀಯಂತ. ಮುಂದಿನ ಆಡಿನ ಹೆಸರ ಹೇಳಬೇ ಯವ್ವಾ."

"ಕೆಂಚಿ," ಎಂದಳು. ಇನ್ನೆರಡು ಹೇಳಿದಳು. ಆಸ್ಪತ್ರೆಯ ಬಾಗಿಲಲ್ಲಿ ಜೀವ ಹೋಯಿತು.

ಸಂಜೆ ಮಗಳು ಸಾತವ್ವ ಬಂದು, "ಅವ್ವ ನನಗೇನರ ಹೇಳ್ಯಾಳೇನ್ರಿ?" ಎಂದಳು. ಕಾಳಪ್ಪ ಗಾಡಿ ತೊಳೆಯುತ್ತಿದ್ದ. ನನ್ನ ಹತ್ತಿರ ಇದ್ದದ್ದು ಹನ್ನೊಂದು ಆಡುಗಳ ಹೆಸರು. ಅವನ್ನೇ ಒಂದೊಂದಾಗಿ ಹೇಳಿದೆ.

ಮುಗಿಯುವವರೆಗೂ ಕೇಳಿ, "ಮುಂದ ಏನಂದಳ್ರಿ?" ಎಂದಳು.