ಕೊಕ್ಕರೆಮರಿ ಹೊದ್ದ ಕಂಬಳಿ

ಮಂಗಳವಾರ, ರಾತ್ರಿ ಎರಡೂವರೆ

ಪ್ರೀತಿಯ ಕೊಕ್ಕರೆಯಪ್ಪನಿಗೆ,

ಎರಡು ಗಂಟೆಗೆ ಟಕಟಕ ಸದ್ದಿಗೆ ಎಚ್ಚರವಾಯಿತು. ನಿದ್ದೆಗಣ್ಣಲ್ಲಿ, ನೀನೇ ಬಂದೆ ಅಂತ ಓಡಿಹೋಗಿ ಬಾಗಿಲು ತೆಗೆದೆ. ಪಕ್ಕದ ಮನೆಯವರ ಚಪ್ಪಲಿ ಬಿಟ್ಟರೆ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಪುಟ್ಟಿ ಕೆಮ್ಮುತ್ತಿದ್ದಾಳೆ.

ಗಾಬರಿಯಾಗಬೇಡ ಅಂತ ಬರೆಯೋಣ ಅಂದರೆ ನನಗೇ ಗಾಬರಿ. ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರುತ್ತಿದೆ. ಹಾಲು ಕುಡಿಯುತ್ತಾ ನಡುವೆ ಬಿಟ್ಟು ಏದುಸಿರು ಬಿಡುತ್ತಾಳೆ. ಡಾಕ್ಟರಮ್ಮ ನಿನ್ನೆ, ಮನೆಯಲ್ಲಿ ನಾಯಿ, ಬೆಕ್ಕು, ಹಕ್ಕಿ ಏನಾದರೂ ಸಾಕಿದ್ದೀರಾ ಅಂತ ಕೇಳಿದರು. ಗಂಡ ಅಂತ ಒಬ್ಬನನ್ನು ಸಾಕಿದ್ದೆ, ಈಗ ಅವನೂ ಮನೆಯಲ್ಲಿಲ್ಲ ಅಂದುಬಿಟ್ಟೆ. ಅವರು ನಕ್ಕು ಶೀತಕ್ಕೆ ಔಷಧಿ ಬರೆದರು.

ಯಾಕೆ ಹೇಳಲಿಲ್ಲ ಅಂತ ನಿನಗೆ ಗೊತ್ತು. ಮೃಗಾಲಯದ ಕೊಕ್ಕರೆಮರಿಯನ್ನು ಮನೆಗೆ ತಂದದ್ದು ತಿಳಿದರೆ ನಿನ್ನ ಕೆಲಸ ಹೋಗುತ್ತದೆ. ಅಲ್ಲಿ ಶಾಖದ ಪೆಟ್ಟಿಗೆ ಕೆಟ್ಟು, ಮರಿಯನ್ನು ಶರ್ಟಿನೊಳಗೆ ಇಟ್ಟುಕೊಂಡು ನೀನು ಬಂದ ರಾತ್ರಿ, ಕೊಕ್ಕರೆಗಳ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ಯಾರಿಗೆ ಗೊತ್ತಿತ್ತು? ಪುಟ್ಟಿಯ ಕಂಬಳಿ ಎಳೆದು ಮರಿಗೆ ಹೊದಿಸಿದವಳು ನಾನು. ಬೆಳಿಗ್ಗೆ ಅದನ್ನೇ ಕೊಡವಿ ಪುಟ್ಟಿಗೆ ಹೊದಿಸಿದೆ. ಒಗೆಯಲಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ಮಹಾತಾಯಿ.

ಆಮೇಲೆ ದೊಡ್ಡ ಕೊಕ್ಕರೆಗಳು ಸಾಲಾಗಿ ಕುತ್ತಿಗೆ ಚೆಲ್ಲಿದವು. ಈ ರೋಗ ಮನುಷ್ಯರ ಎದೆಗೂ ಇಳಿಯುತ್ತದೆ ಅಂತ ಲ್ಯಾಬಿನವರು ಹೇಳಿ, ನಿಮ್ಮನ್ನೆಲ್ಲ ಮೊಬೈಲೂ ಕೊಡದೆ ಹಕ್ಕಿಗಳ ಜೊತೆ ಒಳಗೇ ಇರಿಸಿಕೊಂಡರು. ಮನೆಯಲ್ಲಿ ಬಿಟ್ಟುಹೋದ ಮರಿ ಏನಾಯಿತು ಅಂತ ನೀನು ಮೀನಿನ ವ್ಯಾನಿನ ಡ್ರೈವರಣ್ಣನ ಹತ್ತಿರ ಕೇಳಿಸಿದ್ದೆ. ಸತ್ತಿತು ಅಂತ ನಾನು ಹೇಳಿಕಳಿಸಿದೆ.

ಕ್ಲಿನಿಕ್ ತೆಗೆಯುತ್ತಲೇ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳುತ್ತೇನೆ. ನೀನು ಬೇಡ ಅಂದರೂ ಹೇಳುತ್ತೇನೆ. ಆದರೆ ನಿನ್ನ ಕೆಲಸವನ್ನು ನಾನೊಬ್ಬಳೇ ಕಳೆದೆ ಅನ್ನಿಸಬಾರದು, ಅದಕ್ಕೇ ಮೊದಲು ನಿನಗೆ ತಿಳಿಸುತ್ತಿದ್ದೇನೆ. ನಿಮ್ಮ ಆಫೀಸಿನ ಫೋನು ಬಡಿದುಕೊಂಡರೂ ಎತ್ತುವವರಿಲ್ಲ. ಡ್ರೈವರಣ್ಣ ಈಗ ಹೊರಡುತ್ತಾನೆ, ಇದನ್ನು ಗೇಟಿನಲ್ಲಿ ಕೊಡುತ್ತಾನೆ.

ನಿನ್ನ,
ಪುಟ್ಟಿಯಮ್ಮ

ಇನ್ನೊಂದು ಮಾತು: ಮರಿ ಸತ್ತಿಲ್ಲ. ಎರಡು ಗಂಟೆಗೆ ಟಕಟಕ ಅಂದದ್ದು ಅದರ ಕೊಕ್ಕು. ಅಡುಗೆಮನೆಯ ರಟ್ಟಿನ ಡಬ್ಬದಲ್ಲಿದೆ. ವಾಪಸ್ ಕೊಟ್ಟರೆ ಕೊಲ್ಲುತ್ತಾರೆ ಅಂತ ಇಟ್ಟುಕೊಂಡದ್ದಲ್ಲ. ನೀನು ಹೋದಮೇಲೆ, ನಾನು ಎದ್ದು ಕೂತಾಗ ನನ್ನ ಜೊತೆ ಎದ್ದಿರುವುದು ಅದೊಂದೇ. ನಿನಗಿಂತ ಮಾತು ಜಾಸ್ತಿ. ಈಗ ಅದೂ ಗರಿ ಉಬ್ಬಿಸಿಕೊಂಡು ತೂಕಡಿಸುತ್ತಿದೆ, ಮೀನು ಮುಟ್ಟಿಲ್ಲ. ಮೊಬೈಲು ನನ್ನ ಕೈಯಲ್ಲೇ ಇದೆ. ಬೈಯುವುದಕ್ಕಾದರೂ ಸರಿ, ಬೆಳಗಾಗುವ ಮುಂಚೆ ಆ ಆಫೀಸಿನ ಫೋನಿನಿಂದಾದರೂ ಒಂದು ಫೋನ್ ಮಾಡು.