ನಿನ್ನ ಹೆಸರಿನ ಮುಂದಿನ ‘ತಾ.ಹೊ.’

ಲಾಂಡ್ರಿಯ ಹಿಂದಿನ ಕೋಣೆ
ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಉಗಿ ತಾಗಿ ಸುಟ್ಟಿದ್ದ ಬಲಗೈ ಚಳಿಗೆ ಈಗಲೂ ಸೆಳೆಯುತ್ತದೆಯೇ? ಮುಲಾಮು ಬಿಟ್ಟು ಹೋದೆ ಎಂದು ಅಮ್ಮ ದಿನಾ ಗೊಣಗುತ್ತಾಳೆ. ಡಬ್ಬಿ ಇನ್ನೂ ಕನ್ನಡಿಯ ಹಿಂದೆಯೇ ಇದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಅಮ್ಮ ಕ್ಷೇಮ. ನನ್ನ ವಿಷಯ ಹಾಗೆ ಬರೆದರೆ ಸುಳ್ಳಾಗುತ್ತದೆ.

ನಗಬೇಡ, ನನಗೆ ಕೆಲಸ ಸಿಕ್ಕಿದೆ, ಅದೂ ನೀನು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅದೇ ಲಾಂಡ್ರಿಯಲ್ಲಿ. ಬೆಂಚಿನ ಮೇಲೆ ಕೂರಲಾಗದೆ ಶಾಲೆ ಬಿಟ್ಟವಳನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕಟ್ಟಿಹಾಕಿದ್ದಾರೆ. ಗೋಡೆಯ ಆಚೆ ಒಗೆಯುವ ಯಂತ್ರಗಳು. ಮೇಜು ದಿನವಿಡೀ ನಡುಗುತ್ತದೆ. ಹೊಸ ಮಾಲೀಕರು ಲಾಂಡ್ರಿ ಕೊಂಡಾಗ ಹಳೆಯ ಮಾಹಿತಿಯೆಲ್ಲ ಜೊತೆಗೇ ಬಂತು. ಅದರ ತುಂಬ ಹಳೆ ಗುಮಾಸ್ತರು ತಮಗಾಗಿಯೇ ಕಟ್ಟಿಕೊಂಡ ಮೊಟಕು ಅಕ್ಷರಗಳು. ಅವರೋ ತೀರಿಕೊಂಡರು. ಒಂದೊಂದಕ್ಕೂ ಅರ್ಥ ಹುಡುಕಿ ಪಕ್ಕದ ಖಾನೆಯಲ್ಲಿ ತುಂಬುವುದು ನನ್ನ ಕೆಲಸ.

ಮೊದಮೊದಲು ಮಜವಾಗಿತ್ತು. ‘ಕೆ.ಹೋ.’ ಎಂದರೆ ಕೆಳಗಿನ ಹೋಟೆಲ್ ಎಂದು ತುಂಬಿಬಿಟ್ಟೆ. ಇಸ್ತ್ರಿ ಮಾಡುವ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು: “ಅಯ್ಯೋ ಪೆದ್ದಿ, ಕೆಂಪು ಹೋಗಿಲ್ಲ ಅಂತ ಕಣೇ! ಆಸ್ಪತ್ರೆ ಚಾದರದ ಕಲೆ!” ನೋಡಿದರೆ ಹೌದು, ಅದು ಕೂತ ಸಾಲುಗಳೆಲ್ಲ ಆಸ್ಪತ್ರೆಯವೇ. ಅವತ್ತಿನಿಂದ ಊಹೆ ಬಿಟ್ಟೆ. ಒಂದು ಅಕ್ಷರ ಯಾವ ಯಾವ ಸಾಲಿನಲ್ಲಿದೆ, ಆ ಸಾಲುಗಳಲ್ಲಿ ಬೇರೇನು ಒಂದೇ ಥರ ಇದೆ ಎಂದು ನೋಡುತ್ತೇನೆ, ಆಮೇಲೆ ಬಲ್ಲವರನ್ನು ಕೇಳುತ್ತೇನೆ. ಆಗಲೂ ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯುತ್ತೇನೆ. ಸೂಪರ್‌ವೈಸರ್‌ಗೆ ಅದೇ ಉರಿ. “ಗೊತ್ತಿಲ್ಲ ಅನ್ನೋದಕ್ಕೂ ಸಂಬಳ ಬೇಕಾ ನಿಂಗೆ?” ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ, ಗೊತ್ತಿಲ್ಲ ಎಂದರೆ ಅವನು ಬಿಡುವುದಿಲ್ಲ.

ಹಾಗೇ ಕೆಲಸಗಾರರ ಪಟ್ಟಿಗೆ ಬಂದೆ. ನಿನ್ನ ಹೆಸರಿನ ಮುಂದೆ ‘ತಾ.ಹೊ.’ ಎಂದಿದೆ. ಕೆಲಸ ಕಡಿಮೆಯಾದಾಗ ಮನೆಗೆ ಕಳಿಸಿದವರನ್ನು ಹೊಸಬರು ವಾಪಸ್ ಕರೆಯುತ್ತಾರಂತೆ. ತಾವೇ ಬಿಟ್ಟವರಿಗೆ ಕರೆ ಇಲ್ಲ. ಇದನ್ನು ಅಮ್ಮನ ಮುಂದೆ ಆಡಿ ಕೆಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಅವಳಿಗೆ ಕಾಣಲಿಲ್ಲ. “ತಾತ್ಕಾಲಿಕವಾಗಿ ಹೊರಗೆ ಅಂತಲೇ ಕಣೇ ಅದು! ಕೆಲಸದಿಂದ ಕಳಿಸಿಬಿಟ್ರು, ಬೇರೆ ಕಡೆ ದುಡಿದು ಬರ್ತೀನಿ ಅಂತ ನಿಮ್ಮಪ್ಪನೇ ಹೇಳಿರಲಿಲ್ವಾ?” ನಿನ್ನ ಅಂಗಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಒಗೆದು ಒಣಹಾಕಿದ್ದಾಳೆ. ಸೂಪರ್‌ವೈಸರನದೂ ಅದೇ ರಾಗ: “ಬರ್ಕೋ, ನಿಮ್ಮಪ್ಪ ತಾನೆ? ಯಾರು ಕೇಳ್ತಾರೆ?” ಮನೆಗೆ ಹೋದರೆ ಆ ಅಂಗಿಗಳು, ಇಲ್ಲಿಗೆ ಬಂದರೆ ಈ ಖಾನೆ. ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ, ಅಪ್ಪಾ. ಮುಂದಿನ ಶುಕ್ರವಾರ ಪಟ್ಟಿ ಮಾಲೀಕರ ಕೈಗೆ ಹೋಗಬೇಕು.

ಗಂಟೆ ಹೊಡೆಯಿತು. ಇಸ್ತ್ರಿ ಅತ್ತೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಕೈಗೆ ಎಣ್ಣೆಯಾದರೂ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಮೊಂಡಿ

ಇನ್ನೊಂದು ಮಾತು. ವ್ಯಾನ್ ಓಡಿಸುತ್ತಿದ್ದ ಡ್ರೈವರ್ ಮಾವನ ಹೆಸರಿನ ಮುಂದೆಯೂ ಅದೇ ‘ತಾ.ಹೊ.’ ಇದೆ. ಅವನು ಹಳೆ ಮಾಲೀಕರ ಮೇಜಿನ ಮೇಲೆ ಕೀಲಿ ಎಸೆದು, “ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ” ಎಂದು ನಡೆದ ದಿನ ನಿನಗೆ ಊಟ ತಂದು ಅಲ್ಲೇ ನಿಂತಿದ್ದವಳು ನಾನೇ. ಅವನನ್ನು ಯಾರೂ ಕಳಿಸಲಿಲ್ಲ. ಪಟ್ಟಿಯಲ್ಲಿ ‘ತಾನಾಗಿ ಹೊರಟ’ ಎಂದೇ ತುಂಬುತ್ತೇನೆ, ಇಬ್ಬರಿಗೂ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಕೇಳಿದರೆ ನನಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತು. ಅಷ್ಟರೊಳಗೆ ನೀನೇ ಫೋನ್ ಮಾಡಿ ಹೇಳು. ಇವತ್ತು ಬೆಳಿಗ್ಗೆ ಆ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು.